ಕಡೇ ಕಾರ್ತಿಕ ಸೋಮವಾರದ ಸಹಭೋಜನ

ಮದ್ದೂರಿನ ಆ ಡಿಗ್ರಿ ಕಾಲೇಜಿನಲ್ಲಿ ಕಸ ಗುಡಿಸುವ ಚಿಕ್ಕನಂಜಮ್ಮನಿಗೆ ಬಸ್ಸಾರು ಮಾಡಲು ಬರುತ್ತದೆ ಎನ್ನುವುದು ಹದಿಮೂರು ವರ್ಷ ಅಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ ಹೇಳಿ? ಪೊರಕೆ ಹಿಡಿದವಳನ್ನು ನಿಲ್ಲಿಸಿಕೊಂಡು ನಿನಗೆ ಅಡುಗೆ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಅವಳ ಕೇರಿಯಲ್ಲಿ ಮಾತ್ರ ಮದುವೆಯಾಗಲಿ ತಿಥಿಯಾಗಲಿ, ಒಲೆ ಹಚ್ಚುವವಳು ಅವಳೇ. ಇನ್ನೂರು ಜನಕ್ಕೆ ಹುರುಳಿಕಾಳು ಬೇಯಿಸಿ, ಕಟ್ಟು ಬಸಿದು, ಈರುಳ್ಳಿ ಬೆಳ್ಳುಳ್ಳಿಯನ್ನು ಕೆಂಡದಲ್ಲಿ ಸುಟ್ಟು ಖಾರ ರುಬ್ಬಿ ಸಾರು ಕುದಿಸಿದರೆ, ಇಳಿಸುವ ತನಕ ಒಂದು ಸಲವೂ ನಾಲಿಗೆಗೆ ಹಚ್ಚಿ ಉಪ್ಪು ನೋಡುವುದಿಲ್ಲ. ಮೂಗಿಗೇ ಗೊತ್ತಾಗುತ್ತದೆ ಎನ್ನುತ್ತಾಳೆ. ಅದು ಜಂಬವಲ್ಲ, ನಿಜವಾಗಿಯೂ ಗೊತ್ತಾಗುತ್ತದೆ.

ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನ ಬಂಡೂರಿನಲ್ಲಿ. ಕುರಿಗೆ ಹೆಸರಾದ ಊರು. ಅವಳಪ್ಪನೂ ಜೀವಮಾನವಿಡೀ ಕುರಿಯನ್ನೇ ಕಾಯ್ದ, ಅದರಲ್ಲಿ ಒಂದೂ ಅವನದಲ್ಲ. ಹದಿನೇಳಕ್ಕೆ ಮದ್ದೂರು ಕಡೆಯ ಒಂದು ಹಳ್ಳಿಗೆ ಮದುವೆ ಮಾಡಿ ಕಳಿಸಿದರು. ಗಂಡ ಹುಚ್ಚೀರಯ್ಯ ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಡುವ ಆಳು. ಮಾತು ಕಮ್ಮಿ, ಆಡಿದ ಒಂದು ಮಾತಿನಲ್ಲೇ ಎದುರಿನವರ ಹೊಟ್ಟೆ ಉರಿಸುವ ಜಾಣ. ಆ ಹಳ್ಳಿಯ ಹೆಸರು ಬೇಡ ಬಿಡಿ. ಅಲ್ಲಿ ನಡೆದದ್ದನ್ನು ಹೇಳಿದರೆ ನಮ್ಮೂರಲ್ಲೂ ನಡೆದಿದೆ ಎನ್ನುವವರು ಹತ್ತು ಹಳ್ಳಿಯಲ್ಲಿ ಸಿಗುತ್ತಾರೆ.

ಶಾಲೆಗಳಲ್ಲಿ ಬಿಸಿಯೂಟ ಶುರುವಾದ ಹೊಸತು. ಕೇರಿಯ ಹೆಂಗಸೊಬ್ಬಳನ್ನು ಅಡುಗೆಗೆ ತೆಗೆದುಕೊಳ್ಳಬೇಕೆಂದು ಮೇಲಿನಿಂದ ಕಾಗದ ಬಂತು. ಮೇಷ್ಟ್ರು ಕೇರಿಯಲ್ಲಿ ವಿಚಾರಿಸಿದರೆ ಎಲ್ಲರೂ ಚಿಕ್ಕನಂಜಮ್ಮನ ಕಡೆ ಕೈ ತೋರಿಸಿದರು. ಅವಳು ಒಳ್ಳೆಯ ಸೀರೆ ಉಟ್ಟು, ತಲೆಗೆ ನೀರು ಹಾಕಿಕೊಂಡು ಹೋಗಿ ಎಂಬತ್ತು ಮಕ್ಕಳಿಗೆ ಅನ್ನ ಸಾಂಬಾರು ಮಾಡಿದಳು. ಮೊದಲ ದಿನ ಉಂಡದ್ದು ಕೇರಿಯ ಹದಿನಾಲ್ಕು ಮಕ್ಕಳು. ಎರಡನೇ ದಿನಕ್ಕೆ ಊರೊಳಗಿನ ಮಕ್ಕಳೆಲ್ಲ ಮನೆಯಿಂದ ಡಬ್ಬಿ ತಂದವು. ಯಾರೂ ಬಂದು ಬೈಯಲಿಲ್ಲ, ಜಗಳವಾಡಲಿಲ್ಲ. ಬೈದಿದ್ದರೆ ಇವಳೂ ಎರಡು ಬೈದು ಹಗುರಾಗುತ್ತಿದ್ದಳು. ಸುಮ್ಮನೆ ಡಬ್ಬಿ ಬಂದವು, ಸುಮ್ಮನೆ ಅನ್ನ ಉಳಿಯಿತು.

ಹತ್ತೊಂಬತ್ತು ದಿನ ಹಾಗೇ ನಡೆಯಿತು. ಕಡೆಯ ದಿನ ಒಂದನೇ ಕ್ಲಾಸಿನ ಪುಟ್ಟ ಹುಡುಗಿಯೊಂದು ಅಡುಗೆಮನೆ ಬಾಗಿಲಿಗೆ ಬಂದು ತಟ್ಟೆ ಚಾಚಿ, ನಂಗೂ ಒಸಿ ಇಕ್ಕು ಅಂದಿತು. ಗೌಡರ ಮನೆಯ ಕೂಸು. ಡಬ್ಬಿ ಮರೆತು ಬಂದಿತ್ತೋ ಏನೋ, ಹೊಟ್ಟೆ ಹಸಿದಿತ್ತು. ಚಿಕ್ಕನಂಜಮ್ಮ ಸೌಟು ಎತ್ತಿದಳು, ಎತ್ತಿದವಳು ಹೆದರಿದಳು. ನಾಳೆ ಇವರಪ್ಪ ಬಂದು ಏನನ್ನುತ್ತಾನೋ ಎಂದು ಯೋಚಿಸುತ್ತಾ ನಿಂತಳು. ಅಷ್ಟರಲ್ಲಿ ಅದರ ಅಣ್ಣ ಓಡಿಬಂದು ರಟ್ಟೆ ಹಿಡಿದು ಎಳೆದುಕೊಂಡು ಹೋದ. ಮರುದಿನ ಮೇಷ್ಟ್ರು ಕರೆದು, ನೋಡಮ್ಮ, ನಿನ್ನ ಅಡುಗೆಯಲ್ಲಿ ತಪ್ಪಿಲ್ಲ, ಮಕ್ಕಳು ಉಪವಾಸ ಬೀಳಬಾರದಲ್ಲ ಎಂದರು. ಇವಳು ಸರಿ ಎಂದು ಬಂದಳು. ಕೆಲಸ ಹೋದದ್ದಕ್ಕೆ ಅವಳಿಗೆ ಅಷ್ಟು ಸಂಕಟವಾಗಲಿಲ್ಲ. ಕೇಳಿಕೊಂಡು ಬಂದ ಕೂಸಿಗೆ ಇಕ್ಕಲಿಲ್ಲವಲ್ಲ, ಅದು ಮಾತ್ರ ಇಪ್ಪತ್ತು ವರ್ಷ ಕಳೆದರೂ ಕರಗಲಿಲ್ಲ.

ಆಮೇಲೆ ಕೂಲಿ ನಾಲಿ ಮಾಡಿಕೊಂಡಿದ್ದು, ಕೊನೆಗೆ ಈ ಕಾಲೇಜಿಗೆ ಹೊರಗುತ್ತಿಗೆಯ ಮೇಲೆ ಸೇರಿದಳು. ಕಾಲೇಜು ಎಂದರೆ ಭಾಷಣದ ಜಾಗ ಎಂದು ಅವಳು ತಿಳಿದುಕೊಂಡಿದ್ದರೆ ತಪ್ಪೇನಿಲ್ಲ. ಹದಿಮೂರು ವರ್ಷದಲ್ಲಿ ಅವಳು ಕಸ ಗುಡಿಸದ ಜಯಂತಿಯಿಲ್ಲ. ಸಮಾನತೆಯ ಮೇಲೆ ವಿಚಾರ ಸಂಕಿರಣ, ಶೋಷಣೆಯ ಮೇಲೆ ಬೀದಿ ನಾಟಕ, ಅಸ್ಪೃಶ್ಯತೆಯ ಮೇಲೆ ಪ್ರಬಂಧ ಸ್ಪರ್ಧೆ. ಮೊದಲ ಬಹುಮಾನದ ಪ್ರಬಂಧ ಬರೆದ ಹುಡುಗನೇ ಬಾಳೆಹಣ್ಣು ತಿಂದು ಸಿಪ್ಪೆಯನ್ನು ಅವಳು ಈಗಷ್ಟೇ ಗುಡಿಸಿದ ನೆಲಕ್ಕೆ ಎಸೆದು ಹೋಗುತ್ತಿದ್ದ. ಮೂರು ಸಲ ಅವಳಿಗೇ ಸನ್ಮಾನವಾಯಿತು, ಮೂರು ಶಾಲು ಬಂದವು. ಸನ್ಮಾನ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಕಾಫಿ, ಇವಳಿಗೆ ಮಾತ್ರ ಪೇಪರ್ ಲೋಟ. ಬಿಸಾಡುವ ಲೋಟವೇ ಶುಚಿ ಎಂದು ಅದಕ್ಕೂ ಒಂದು ಕಾರಣವಿತ್ತು. ಹೇಳೋದು ಶಾಸ್ತ್ರ, ಇಕ್ಕೋದು ಗಾಳ ಎಂದು ಹುಚ್ಚೀರಯ್ಯ ಅಂದಾಗ, ಅವಳೂ ಹೌದೆಂದಿದ್ದಳು.

ಗಗನ ಬಂದದ್ದು ಆಮೇಲೆ. ನಿಡಘಟ್ಟದಿಂದಾಚೆ ಒಂದು ಹಳ್ಳಿಯ ಗೌಡರ ಹುಡುಗಿ, ಕಡೇ ವರ್ಷದ ಬಿ.ಎ., ಸಮಾಜಶಾಸ್ತ್ರ ಅಂದರೆ ಪ್ರಾಣ. ಕಾಲೇಜಿನಲ್ಲಿ ಮಿಕ್ಕವರೆಲ್ಲ ಏ ನಂಜಮ್ಮ ಎಂದು ಕೂಗುವಾಗ ಇವಳೊಬ್ಬಳು ನಂಜಮ್ಮೋರೇ ಎನ್ನುತ್ತಿದ್ದಳು. ಬಹುವಚನಕ್ಕೆ ಖರ್ಚೇನಿಲ್ಲ, ಆದರೂ ಹದಿಮೂರು ವರ್ಷದಲ್ಲಿ ಯಾರೂ ಕೊಟ್ಟಿರಲಿಲ್ಲ ನೋಡಿ. ಒಂದು ಮಧ್ಯಾಹ್ನ ಜೋರು ಮಳೆ, ಕ್ಯಾಂಟೀನಿಗೆ ಹೋಗುವ ಹಾಗಿಲ್ಲ, ಹುಡುಗಿ ಡಬ್ಬಿ ತಂದಿರಲಿಲ್ಲ. ಮೆಟ್ಟಿಲ ಕೆಳಗೆ ಚಿಕ್ಕನಂಜಮ್ಮ ಡಬ್ಬಿ ಬಿಚ್ಚಿ ಕೂತಿದ್ದ ಕಡೆಗೆ ಬಂದು ಪಕ್ಕದಲ್ಲೇ ಕೂತಳು. ಘಮ್ ಅಂತದಲ್ಲ, ಏನದು ಎಂದಳು. ಇವಳು ಹಿಂದೆ ಮುಂದೆ ನೋಡುವಷ್ಟರಲ್ಲಿ ಡಬ್ಬಿಗೆ ಕೈ ಹಾಕಿ ಒಂದು ತುತ್ತು ಮುದ್ದೆ ಮುರಿದು, ಸಾರಿಗೆ ಅದ್ದಿ ನುಂಗಿಯೇ ಬಿಟ್ಟಳು. ಆಮೇಲೆ ಅರ್ಧ ಡಬ್ಬಿ ಖಾಲಿ. ಚಿಕ್ಕನಂಜಮ್ಮನಿಗೆ ಆವತ್ತು ಮಧ್ಯಾಹ್ನ ಹೊಟ್ಟೆ ತುಂಬಲಿಲ್ಲ, ಆದರೆ ಮನೆಗೆ ಹೋಗುವವರೆಗೂ ಒಬ್ಬಳೇ ನಗುತ್ತಿದ್ದಳು.

ನವೆಂಬರ್ ಬಂತು. ಸಂವಿಧಾನ ದಿನದ ಲೆಕ್ಕದಲ್ಲಿ ಕಾಲೇಜಿನಲ್ಲಿ ಸಾಮಾಜಿಕ ನ್ಯಾಯ ಸಪ್ತಾಹ. ಸಮಾಜಶಾಸ್ತ್ರದ ಜಯಪ್ರಕಾಶ್ ಸರ್ ಅದರ ಸಂಚಾಲಕರು. ಬಾಯಿ ಬಿಟ್ಟರೆ ಹುಡುಗರು ಬೆಂಚು ಬಡಿಯಬೇಕು, ಅಂಥ ಮಾತುಗಾರ. ಮಂಗಳವಾರ ಸಂವಿಧಾನ ದಿನ, ಆವತ್ತೇ ಎಲ್ಲರೂ ಒಟ್ಟಿಗೆ ಕೂತು ಉಣ್ಣುವ ಸಹಭೋಜನ ಎಂದು ನಿಶ್ಚಯವಾಯಿತು. ಕೇಟರಿಂಗಿಗೆ ಹೇಳೋಣ ಎಂದು ಸರ್ ಅಂದರೆ, ಗಗನ ಎದ್ದು ನಿಂತು, ಬೇಡ ಸರ್, ನಮ್ಮ ನಂಜಮ್ಮೋರ ಕೈಲೇ ಮಾಡಿಸೋಣ, ಅದೇ ತಾನೇ ನಿಜವಾದ ಸಹಭೋಜನ ಎಂದಳು. ಹುಡುಗರೆಲ್ಲ ಚಪ್ಪಾಳೆ ಹೊಡೆದರು. ಸರ್ ಕೂಡ ಹೊಡೆದರು. ಹೊಡೆಯದೆ ಇರಲು ಆಗುತ್ತದೆಯೇ.

ಗಗನ ಕೇಳಿದಾಗ ಚಿಕ್ಕನಂಜಮ್ಮ ಒಂದೇ ಮಾತಿಗೆ ಆಗುವುದಿಲ್ಲ ಎಂದಳು. ಎರಡನೇ ದಿನವೂ ಅದನ್ನೇ ಹೇಳಿದಳು. ಮೂರನೇ ದಿನ ಹುಡುಗಿ ಮೆಟ್ಟಿಲ ಕೆಳಗೆ ಬಂದು ಮುಖ ಊದಿಸಿಕೊಂಡು ಕೂತಾಗ, ಬಿಸಿಯೂಟದ ಕತೆಯನ್ನೆಲ್ಲ ಹೇಳಿಬಿಟ್ಟಳು. ತಟ್ಟೆ ಚಾಚಿದ ಕೂಸಿನ ವಿಷಯ ಗಂಡನಿಗೂ ಹೇಳಿರಲಿಲ್ಲ, ಅದನ್ನೂ ಹೇಳಿದಳು. ಗಗನ ಅತ್ತಳು. ಅದು ನಿಮ್ಮ ಹಳ್ಳಿ ನಂಜಮ್ಮೋರೆ, ಇದು ಕಾಲೇಜು, ಓದಿದೋರು ಹಂಗೆ ಮಾಡಲ್ಲ ಎಂದು ಕೈ ಹಿಡಿದುಕೊಂಡಳು. ಇಪ್ಪತ್ತು ವರ್ಷದ ಹುಡುಗಿ, ತಾನು ಹೇಳಿದ್ದನ್ನು ತಾನೇ ನಂಬಿದ್ದಳು. ಕೊನೆಗೆ ಚಿಕ್ಕನಂಜಮ್ಮ ಒಪ್ಪಿದಳು.

"ಆಯ್ತು ಕಣವ್ವ, ಮಾಡ್ತೀನಿ. ಆದ್ರೆ ಇಕ್ಕೋಳೂ ನಾನೇಯ. ನಾನ್ ಮಾಡಿದ್ನ ಇನ್ನೊಬ್ರ ಕೈಲಿ ಇಕ್ಸಾಕಿಲ್ಲ."

ಅದೊಂದೇ ಅವಳ ಷರತ್ತು. ಮಾಡಿಟ್ಟು ಹಿತ್ತಿಲಲ್ಲಿ ನಿಲ್ಲುವುದಲ್ಲ, ಸಾಲಿನಲ್ಲಿ ಕೂತ ಮಕ್ಕಳ ಎಲೆಗೆ ತನ್ನ ಕೈಯಾರೆ ಇಕ್ಕಬೇಕು, ಅವರು ಉಣ್ಣುವುದನ್ನು ನಿಂತು ನೋಡಬೇಕು. ಜೀವಮಾನಕ್ಕೆ ಅಷ್ಟಾದರೆ ಸಾಕು ಎಂದು ಅವಳ ಮನಸ್ಸಿನಲ್ಲಿ. ಗಗನ ಹೋಗಿ ಜಯಪ್ರಕಾಶ್ ಸರ್‌ಗೆ ಹೇಳಿದಳು. ಅವರು ಬಹಳ ಸಂತೋಷ ಎಂದರು. ಅದಾದ ಎರಡು ದಿನಕ್ಕೆ ಸಹಭೋಜನ ಮಂಗಳವಾರ ಅಲ್ಲ, ಸೋಮವಾರ ಎಂದು ನೋಟಿಸು ಬಿತ್ತು. ಮುಖ್ಯ ಅತಿಥಿಗಳಿಗೆ ಸೋಮವಾರ ಅನುಕೂಲವಂತೆ. ಒಂದು ದಿನ ಹಿಂದೆ ಮುಂದೆ ಆದರೆ ಏನು ಎಂದು ಯಾರೂ ಅದರ ಬಗ್ಗೆ ಯೋಚಿಸಲಿಲ್ಲ.

ಭಾನುವಾರ ಸಾಯಂಕಾಲ ಹುರುಳಿಕಾಳು ನೆನೆಹಾಕುತ್ತಿರುವಾಗ ಹುಚ್ಚೀರಯ್ಯ ಜಗಲಿಯ ಮೇಲಿಂದಲೇ ಅಂದ.

"ನಾಳೀಕೆ ಕಡೇ ಕಾರ್ತೀಕ ಸೋಮಾರ ಕಣಮ್ಮಿ. ಊರೋರೆಲ್ಲ ಒಪ್ಪತ್ತು. ನಿನ್ ಮುದ್ದೆ ಯಾರ್ ಉಂಡಾರು?"

ಅವಳ ಕೈ ನೀರಿನಲ್ಲೇ ನಿಂತಿತು. ಕಾರ್ತಿಕ ಸೋಮವಾರ, ಅದರಲ್ಲೂ ಕಡೆಯದು. ಈ ಕಡೆಯ ಮನೆಗಳಲ್ಲಿ ಆವತ್ತು ಒಪ್ಪತ್ತು ಇರುವವರು ಹಗಲು ಮುದ್ದೆ ಅನ್ನ ಮುಟ್ಟುವುದಿಲ್ಲ, ಸಂಜೆ ದೇವಸ್ಥಾನಕ್ಕೆ ಹೋಗಿ ದೀಪ ಹಚ್ಚಿ ಬಂದ ಮೇಲೆಯೇ ಊಟ. ಅವಳಿಗೂ ಗೊತ್ತಿದ್ದದ್ದೇ, ಸಂಭ್ರಮದಲ್ಲಿ ಮರೆತಿದ್ದಳು. ಒಪ್ಪತ್ತು ಗಿಪ್ಪತ್ತು ಎಲ್ಲ ಮುದುಕಿಯರಿಗೆ, ಮೂರು ಹೊತ್ತೂ ಗೋಬಿ ತಿನ್ನುವ ಕಾಲೇಜು ಹುಡುಗರು ಎಲ್ಲಿ ಮಾಡುತ್ತಾರೆ ಎಂದು ಗಂಡನಿಗೆ ರೇಗಿದಳು. ಅವನು ಬೀಡಿ ಹಚ್ಚಿದ. ಅವಳಿಗೆ ಮಾತ್ರ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಬೆಳಿಗ್ಗೆ ಐದಕ್ಕೆಲ್ಲ ಕಾಲೇಜಿನ ಹಿಂದೆ ಮೂರು ಒಲೆ ಹೊತ್ತಿಕೊಂಡವು. ಚಿಕ್ಕನಂಜಮ್ಮ ಕೇರಿಯಿಂದ ಮಾಯಮ್ಮನೊಬ್ಬಳನ್ನು ಜೊತೆಗೆ ಕರೆತಂದಿದ್ದಳು, ಮುದ್ದೆ ಕಟ್ಟಲು. ನೂರೈವತ್ತು ಎಲೆಗೆ ಸಾಲುವಷ್ಟು ಬಸ್ಸಾರು, ಬಸಿದ ಕಾಳಿಗೆ ಸೊಪ್ಪು ಸೇರಿಸಿ ಕಾಯಿ ಹಾಕಿದ ಪಲ್ಯ, ಅನ್ನ, ಮಜ್ಜಿಗೆ. ಹತ್ತು ಗಂಟೆಯ ಹೊತ್ತಿಗೆ ಸಾರಿನ ವಾಸನೆ ಆವರಣವೆಲ್ಲ ಹರಡಿ, ಮಹಡಿಯ ಕ್ಲಾಸಿನ ಹುಡುಗರು ಕಿಟಕಿಗೆ ಬಂದು ಇಣುಕಿದರು. ಏನ್ ನಂಜಮ್ಮ, ಓದಾಕೆ ಬುಡಾಕಿಲ್ವಾ ಎಂದೊಬ್ಬ ಕೂಗಿದ. ಅವಳಿಗೆ ಹಿಗ್ಗು ತಡೆಯಲಾಗಲಿಲ್ಲ. ನಿನ್ನೆಯ ಮಾತಿಗೆ ಗಂಡನನ್ನು ಮನಸ್ಸಿನಲ್ಲೇ ಇನ್ನೊಂದು ಸಲ ಬೈದಳು.

ಸಭೆ ಹನ್ನೊಂದಕ್ಕೆ ಶುರುವಾಗಿ ಒಂದೂವರೆಗೆ ಮುಗಿಯಿತು. ಸಂವಿಧಾನದ ಪೀಠಿಕೆಯನ್ನು ಎಲ್ಲರೂ ಎದ್ದು ನಿಂತು ಬಲಗೈ ಚಾಚಿ ಓದಿದರು. ಮುಖ್ಯ ಅತಿಥಿಗಳು ಅಡುಗೆಮನೆಯೇ ಜಾತಿಯ ಬೇರು, ಪಂಕ್ತಿಯಲ್ಲಿ ಅದನ್ನು ಕೀಳಬೇಕು ಎಂದರು. ಬಹಳ ಒಳ್ಳೆಯ ಮಾತು. ಜಯಪ್ರಕಾಶ್ ಸರ್ ಇಂದಿನ ಅಡುಗೆ ಮಾಡಿದವರು ನಮ್ಮ ಚಿಕ್ಕನಂಜಮ್ಮ ಎಂದು ಮೈಕಿನಲ್ಲಿ ಹೇಳಿ ಅವಳನ್ನು ವೇದಿಕೆಗೆ ಕರೆದರು. ನಾಲ್ಕನೆಯ ಶಾಲು ಬಂತು. ಅವಳು ಶಾಲನ್ನು ಮಾಯಮ್ಮನ ಕೈಗೆ ಕೊಟ್ಟು, ಸೆರಗು ಸಿಕ್ಕಿಸಿಕೊಂಡು ಸೌಟು ಹಿಡಿದು ಸಜ್ಜಾದಳು. ಸಭಾಂಗಣದ ಪಕ್ಕದ ವರಾಂಡದಲ್ಲಿ ನೂರೈವತ್ತು ಎಲೆ ಹಾಸಿತ್ತು.

ಕೂತವರು ಮೂವತ್ತೆಂಟು ಜನ.

ಅದರಲ್ಲಿ ಮೂವತ್ತು ಚಿಲ್ಲರೆ ಕೇರಿಗಳ ಮಕ್ಕಳೇ. ಅವು ತಮ್ಮ ಮನೆಯಲ್ಲೂ ಕೂತು ಉಣ್ಣುತ್ತವೆ, ಅದಕ್ಕೆ ಸಪ್ತಾಹ ಬೇಕಾಗಿಲ್ಲ. ಮಿಕ್ಕವರು ವರಾಂಡದ ಅಂಚಿನಲ್ಲಿ ಗುಂಪು ಗುಂಪಾಗಿ ನಿಂತಿದ್ದರು, ಒಬ್ಬರ ಮುಖದಲ್ಲೂ ಒರಟುತನವಿಲ್ಲ. ಎಷ್ಟು ವಿನಯ ಎಂದರೆ, ಕಂಡವರು ಮೆಚ್ಚಬೇಕು. ಒಪ್ಪತ್ತು ನಂಜಮ್ಮ, ಕಡೇ ಸೋಮವಾರ ಅಲ್ವಾ. ನಮ್ಮಜ್ಜಿ ಬಯ್ತಾರೆ ನಂಜಮ್ಮ, ಇಲ್ದಿದ್ರೆ ಎರಡು ಮುದ್ದೆ ಹೊಡೀತಿದ್ದೆ. ಬೆಳಿಗ್ಗೆ ಕಿಟಕಿಯಿಂದ ಕೂಗಿದವನೂ ಬಂದು, ವಾಸನೆಗೇ ಹೊಟ್ಟೆ ತುಂಬೋಯ್ತು ನಂಜಮ್ಮ ಎಂದು ಕೈಮುಗಿದ. ಅವನ ಹಣೆಯಲ್ಲಿ ಬೆಳಿಗ್ಗೆ ಇಲ್ಲದ ವಿಭೂತಿ ಈಗ ಇತ್ತು. ಮುಖ್ಯ ಅತಿಥಿಗಳದೂ ಒಪ್ಪತ್ತೇ, ಅವರಿಗೆ ಎರಡು ಪಚ್ಚಬಾಳೆ ಕೊಟ್ಟರು. ಜಯಪ್ರಕಾಶ್ ಸರ್ ಎಲೆಯ ಮುಂದೆ ಕೂತು ಒಂದು ತುತ್ತು ಮುರಿದು ಬಾಯಿಯ ಹತ್ತಿರ ಹಿಡಿದರು, ಫೋಟೋ ಆಯಿತು, ಯಾರೋ ಕರೆದರೆಂದು ಎದ್ದರು. ಆ ತುತ್ತು ಎಲೆಯ ಮೇಲೇ ಉಳಿಯಿತು.

ಇದಕ್ಕೆ ಏನೆಂದು ಜಗಳವಾಡುವುದು? ದೇವರ ಹೆಸರು ಹೇಳಿದವರ ಬಾಯಿಗೆ ಅನ್ನ ತುರುಕುವುದಕ್ಕೆ ಆಗುತ್ತದೆಯೇ? ಚಿಕ್ಕನಂಜಮ್ಮ ಕೂತ ಮಕ್ಕಳಿಗೆ ಇಕ್ಕುತ್ತಾ ಹೋದಳು. ಖಾಲಿ ಎಲೆಗಳನ್ನು ದಾಟಿ ದಾಟಿ ಹೋಗಬೇಕಾಗಿತ್ತು. ಪಲ್ಯದ ಪಾತ್ರೆಗೆಂದು ಹಿಂದಕ್ಕೆ ಹೋದಾಗ ಗೇಟಿನಾಚೆ ಗೋಬಿ ಗಾಡಿಯ ಸುತ್ತ ಒಪ್ಪತ್ತಿನವರು ಹತ್ತು ಹನ್ನೆರಡು ಜನ ನಿಂತು ತಿನ್ನುತ್ತಿದ್ದದ್ದು ಕಂಡಿತು. ಬೇಕೆಂದೇ ಒಂದು ಗಳಿಗೆ ನಿಂತು ನೋಡಿದಳು. ಅವರೂ ಇವಳನ್ನು ನೋಡಿದರು. ಯಾರೂ ಪ್ಲೇಟು ಕೆಳಗಿಡಲಿಲ್ಲ.

ಅಲ್ಲೇ ನೀರಿನ ತೊಟ್ಟಿಯ ಹತ್ತಿರ ಗಗನ ಜಯಪ್ರಕಾಶ್ ಸರ್ ಜೊತೆ ಜಗಳಕ್ಕೆ ನಿಂತಿದ್ದಳು. ಇವಳು ಗೋಡೆಯ ಮರೆಯಲ್ಲಿದ್ದದ್ದು ಅವರಿಗೆ ಕಾಣಲಿಲ್ಲ. ಹುಡುಗಿ ಏನು ಕೇಳಿದಳೋ, ಸರ್ ಮಾತ್ರ ಪಾಠ ಹೇಳುವ ದನಿಯಲ್ಲೇ, ಸಮಾಧಾನವಾಗಿ ಹೇಳುತ್ತಿದ್ದರು.

"ಗೊತ್ತಿದ್ದೇ ಸೋಮವಾರಕ್ಕೆ ಹಾಕಿದ್ದು ಗಗನ. ಮಂಗಳವಾರ ಇಟ್ಟಿದ್ರೆ ಇವರೆಲ್ಲ ಏನು ಕಾರಣ ಹೇಳಿ ಎದ್ದು ಹೋಗ್ತಿದ್ರು, ಯೋಚನೆ ಮಾಡು. ಆ ನಂಜಮ್ಮನಿಗೇ ಅವಮಾನ ಆಗ್ತಿತ್ತು. ಈಗ ಯಾರಿಗೂ ಮುಜುಗರ ಇಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಚಿಕ್ಕನಂಜಮ್ಮನಿಗೆ ಆ ಕ್ಷಣ ಸರ್ ಮೇಲೆ ಬಂದ ಸಿಟ್ಟು ಆ ಗೋಬಿ ತಿನ್ನುವವರ ಮೇಲೂ ಬಂದಿರಲಿಲ್ಲ. ಅವಳ ಮಾನ ಉಳಿಸಲು ಪಂಚಾಂಗ ತಿರುವಿ ಹಾಕಿದ್ದ ಮಹಾನುಭಾವ! ಸಾರಿನ ಕೊಳಗವನ್ನು ಅಲ್ಲೇ ಮೋರಿಗೆ ಬಗ್ಗಿಸಿ ಮನೆಗೆ ಹೋಗಿಬಿಡೋಣ ಎನ್ನಿಸಿತು. ಒಳಗೆ ಕೂತಿದ್ದ ಮಕ್ಕಳು ಸಾರು ಸಾರು ಎಂದು ಕೂಗಿದವು, ಅದಕ್ಕೇ ಹೋದಳು.

ಹೋಗಿ ನೋಡಿದರೆ ಗಗನ ಬಂದು ಎಲೆಯ ಮುಂದೆ ಕೂತಿದ್ದಳು. ಅತ್ತು ಮೂಗು ಕೆಂಪಾಗಿತ್ತು. ಅವರ ಮನೆಯಲ್ಲೂ ಒಪ್ಪತ್ತೇ ಇರಬೇಕು, ಹುಡುಗಿ ಲೆಕ್ಕಕ್ಕಿಟ್ಟರೆ ತಾನೇ. ಇಕ್ಕಿ ನಂಜಮ್ಮೋರೆ ಎಂದಳು. ಚಿಕ್ಕನಂಜಮ್ಮ ಮುದ್ದೆ ಇಟ್ಟು, ನಡುವೆ ಗುಳಿ ಮಾಡಿ, ಸಾರು ಬಿಟ್ಟಳು. ಹುಡುಗಿ ಹಟ ಹಿಡಿದವಳಂತೆ ಉಂಡಳು. ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ಎಲೆ ತೋರಿಸಿದಳು. ಆಮೇಲೆ ಅನ್ನಕ್ಕೂ ಸಾರು ಹಾಕಿಸಿಕೊಂಡು ಎಲೆಯಂಚು ಬಳಿದು ನೆಕ್ಕಿದಳು. ಅವಳ ಗೆಳತಿ ದೀಪಿಕ ಮೊಬೈಲಿನಲ್ಲಿ ಫೋಟೋ ತೆಗೆದಳು, ಸೌಟು ಹಿಡಿದ ಚಿಕ್ಕನಂಜಮ್ಮ, ಎಲೆಗೆ ಬಗ್ಗಿದ ಗಗನ. ನೂರೈವತ್ತು ಎಲೆ ಎಂದು ಆಸೆಪಟ್ಟಿದ್ದವಳಿಗೆ ಆ ಒಂದು ಎಲೆ ಸಾಕೆನಿಸಿತು. ಕೇಳಿದ ಕೂಸಿಗೆ ಈ ಸಲ ಇಕ್ಕಿದೆ, ಯಾರೂ ರಟ್ಟೆ ಹಿಡಿದು ಎಳೆಯಲಿಲ್ಲ ಎಂದು ಸಮಾಧಾನ ಮಾಡಿಕೊಂಡಳು. ಮಿಕ್ಕ ಮುದ್ದೆ ಸಾರನ್ನು ಟೆಂಪೋದಲ್ಲಿ ಕೇರಿಗೆ ಸಾಗಿಸಿದ್ದಾಯಿತು. ಹುಚ್ಚೀರಯ್ಯ ಮೂರು ಮುದ್ದೆ ಉಂಡ, ಹೇಳಿರಲಿಲ್ಲವೇ ಎಂದು ಮಾತ್ರ ಅನ್ನಲಿಲ್ಲ. ಅದೇ ಅವನ ದೊಡ್ಡ ಮರ್ಯಾದೆ.

ಮಂಗಳವಾರ ಗಗನ ಕಾಲೇಜಿಗೆ ಬರಲಿಲ್ಲ. ಬುಧವಾರ ಮೊದಲ ಪೀರಿಯಡ್ಡಿಗೆ ಮುಂಚೆಯೇ ಮೆಟ್ಟಿಲ ಕೆಳಗೆ ಬಂದು ನಿಂತಳು. ಕಣ್ಣು ಊದಿದ್ದವು. ಏನು ಎಂದು ಕೇಳಿದ್ದೇ ತಡ, ಎಲ್ಲ ಒಟ್ಟಿಗೆ ಬಂತು. ದೀಪಿಕ ಆ ಫೋಟೋವನ್ನು, ಚಿಕ್ಕನಂಜಮ್ಮನವರು ತಯಾರಿಸಿದ ಭೋಜನ ಎಂದು ಬರೆದು ವಾಟ್ಸಾಪಿಗೆ ಹಾಕಿದ್ದಾಳೆ. ಅದು ಊರಿಗೆ ಹೋಗಿದೆ. ಕಡೇ ಕಾರ್ತಿಕ ಸೋಮವಾರ ಒಪ್ಪತ್ತು ಮುರಿದದ್ದು ಒಂದು, ಯಾರ ಕೈಲಿ ಉಂಡದ್ದು ಎನ್ನುವುದು ಇನ್ನೊಂದು. ಅಜ್ಜಿ ಸಣ್ಣತಾಯಮ್ಮ ಊಟ ಬಿಟ್ಟು ಕೂತಿದ್ದಾಳೆ. ಅಪ್ಪ ಯತೀಶ್ ಕಾಲೇಜು ಸಾಕು ಎಂದಿದ್ದಾನೆ. ಓದು ಮುಗಿಯಲು ಇನ್ನು ಆರು ತಿಂಗಳಿದೆ, ಆಮೇಲೆ ಬಿ.ಎಡ್. ಮಾಡಬೇಕು, ಟೀಚರಾಗಬೇಕು, ಎಲ್ಲ ಹಾಳಾಯಿತು.

ಅಡುಗೆ ಮಾಡಿದವರು ಬೇರೆ, ಫೋಟೋ ಕೆಳಗೆ ಬರೆದದ್ದು ತಪ್ಪು ಎಂದು ಗಗನ ಅಪ್ಪನಿಗೆ ಹೇಳಿದ್ದಳಂತೆ. ಹಾಗಾದರೆ ಆ ಹೆಂಗಸಿನ ಬಾಯಲ್ಲೇ ಹೇಳಿಸು ಎಂದು ಅದಕ್ಕಾಗಿ ಇವತ್ತೊಂದು ದಿನ ಕಳಿಸಿದ್ದಾನಂತೆ.

"ನೀವೊಂದು ಮಾತು ಹೇಳ್ಬಿಡಿ ನಂಜಮ್ಮೋರೆ. ನಾನು ಮಾಡಿಲ್ಲ ಅಂತ. ಕಾಲಿಗೆ ಬೀಳ್ತೀನಿ."

ಬಿದ್ದೇ ಬಿಡುತ್ತಿದ್ದಳು, ಇವಳು ಹಿಂದಕ್ಕೆ ಸರಿದಳು. ಬೀಳಲೂ ಬಿಡಲಿಲ್ಲ, ಎತ್ತಿ ಅಪ್ಪಿಕೊಳ್ಳಲೂ ಇಲ್ಲ. ಚಿಕ್ಕನಂಜಮ್ಮನಿಗೆ ಸಿಟ್ಟು ಬಂತು ಎಂದರೆ ಪೂರ್ತಿ ಹೇಳಿದ ಹಾಗಾಗುವುದಿಲ್ಲ. ಹಿಂದೆ ಮೇಷ್ಟ್ರು ಕೂಡ ಅವಳ ಕೈಯಿಂದ ಸೌಟು ಕಿತ್ತುಕೊಂಡಿದ್ದರು, ಹಿಡಿದೇ ಇರಲಿಲ್ಲ ಎಂದು ಹೇಳು ಅಂದಿರಲಿಲ್ಲ. ಅವನು ಯಾರೋ ಗೋಬಿ ತಿನ್ನುವವನು ಕೇಳಿದ್ದರೆ ಮುಖಕ್ಕೆ ಉಗಿದು ಕಳಿಸಬಹುದಿತ್ತು. ಕೇಳುತ್ತಿರುವುದು ಎರಡು ಮುದ್ದೆ ಉಂಡು ಎಲೆ ನೆಕ್ಕಿದ ಹುಡುಗಿ. ಆಗುವುದಿಲ್ಲ ಎಂದರೆ ನಾಳೆಯಿಂದ ಇವಳು ಮನೆಯಲ್ಲಿ ಕೂರುತ್ತಾಳೆ, ವರ್ಷದೊಳಗೆ ಯಾರಿಗೋ ಕಟ್ಟುತ್ತಾರೆ. ಹೂಂ ಎಂದರೆ, ತಾನು ಇಪ್ಪತ್ತು ವರ್ಷಕ್ಕೆ ಒಮ್ಮೆ ಇಕ್ಕಿದ ಊಟವನ್ನು ತಾನೇ ಅಲ್ಲವೆನ್ನಬೇಕು. ಬಿಸಿ ತುಪ್ಪ ಬಾಯಿಗೆ ಬಿದ್ದಿತ್ತು. ಉಗುಳುವಂತಿಲ್ಲ, ನುಂಗುವಂತಿಲ್ಲ.

ಮಾಡು ಫೋನು ಎಂದಳು.

ಗಗನ ನಂಬರು ಒತ್ತಿ ಫೋನನ್ನು ಅವಳ ಕೈಗೆ ಕೊಟ್ಟಳು. ಆ ಕಡೆಯಿಂದ ಬಂದದ್ದು ದಬಾಯಿಸುವ ದನಿಯಲ್ಲ, ಮರ್ಯಾದಸ್ತರ ದನಿ. ನಮಗೇನಿಲ್ಲ ಕಣಮ್ಮ, ಕಾಲ ಎಲ್ಲಿಗೋ ಹೋಗಿದೆ, ನಾವೂ ಹೋಟೆಲಿನಲ್ಲಿ ತಿನ್ನುತ್ತೇವೆ, ಯಾರು ಮಾಡಿದರು ಎಂದು ಕೇಳುತ್ತೇವಾ, ಆದರೆ ಮನೆಯಲ್ಲಿ ದೊಡ್ಡವರಿದ್ದಾರೆ, ಅವರಿಗೆ ಸಮಾಧಾನ ಹೇಳಬೇಕಲ್ಲ ಎಂದು ಯತೀಶ್ ಸಾವಕಾಶವಾಗಿ ವಿವರಿಸಿದ. ಕೊನೆಗೆ, ದಿಟ ಯೋಳ್ಬುಡಮ್ಮ, ಅಡ್ಗೆ ಮಾಡಿದ್ಯಾರು ಎಂದು ಕೇಳಿದ.

"ಮಂಡ್ಯದಿಂದ ಅಡ್ಗೆಯೋರ್ನ ಕರ್ಸಿದ್ರು ಗೌಡ್ರೆ. ನಿಮ್ಮೋರೇಯ. ನಾನು ಎಲೆ ಎತ್ತಾಕೋಗಿದ್ದೆ. ಫೋಟೋಕೆ ಇರ್ಲಿ ಅಂತ ಉಡುಗ್ರು ಕೈಗೆ ಸೌಟು ಕೊಟ್ರು."

ಒಂದೇ ಉಸಿರಿನಲ್ಲಿ ಹೇಳಿದಳು. ಸೌಟಿನ ಮಾತು ಗಗನ ಹೇಳಿಕೊಟ್ಟದ್ದಲ್ಲ, ಅವಳೇ ಸೇರಿಸಿದ್ದು. ಹೇಳುವುದು ಹೇಳಿದ ಮೇಲೆ ಅರೆಬರೆ ಯಾಕೆ. ಎದುರಿಗೆ ಹುಡುಗಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು.

ಆ ಕಡೆ ಯತೀಶನ ಉಸಿರು ಸಡಿಲವಾದದ್ದು ಫೋನಿನಲ್ಲೇ ಕೇಳಿತು. ಅಂಗನ್ನು ಮತ್ತೆ ಎಂದು ನಕ್ಕ. ಒಪ್ಪತ್ತು ಮುರಿದದ್ದಕ್ಕೆ ಏನೋ ಒಂದು ಪೂಜೆ ಮಾಡಿಸಿದರಾಯಿತು, ಹುಡುಗಿ ನಾಳೆಯಿಂದ ದಿನಾ ಬರುತ್ತದೆ ಎಂದ. ಇನ್ನೇನು ಇಡುತ್ತಾನೆ ಎನ್ನುವಾಗ ಏನೋ ನೆನಪಾಯಿತು ಅವನಿಗೆ.

"ಇರಮ್ಮ, ಇರು. ನಮ್ಮುಡ್ಗಿ ಸೋಮಾರ ಬಂದೋಳೇ ಯೋಳ್ತಿದ್ಲು, ಅಂತಾ ಬಸ್ಸಾರ ನಮ್ ಸುತ್ತೇಳು ಅಳ್ಳೀಲಿ ಯಾರೂ ಮಾಡಾಕಿಲ್ಲ ಅಂತ. ನಮ್ದೂ ಒಸ ಮನೆ ಒಕ್ಲು ಅದೆ ಮುಂದ್ಲ ವಾರ. ಆ ಅಡ್ಗೆಯೋರ ನಂಬ್ರು ಕೊಡು, ಅವ್ರನ್ನೇ ಕರ್ಸ್ತೀನಿ."

ಚಿಕ್ಕನಂಜಮ್ಮ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ನೋಡಿದಳು, ಮತ್ತೆ ಕಿವಿಗಿಟ್ಟಳು. ಗೌಡರ ಮನೆಯಿಂದ ಅವಳ ಸಾರಿಗೆ ಬಂದ ಮೊದಲ ಕರೆ ಅದು. ಹೋಗಿ ಒಲೆ ಹಚ್ಚಬೇಕಾದ ಆ ಮಂಡ್ಯದ ಅಡುಗೆಯವನು ಹುಟ್ಟಿ ಇನ್ನೂ ಎರಡೇ ನಿಮಿಷವಾಗಿತ್ತು, ಅವನನ್ನು ಹುಟ್ಟಿಸಿದವಳೂ ಅವಳೇ. ಅಳು ಬರುತ್ತದೆ ಎಂದುಕೊಂಡಳು, ಬರಲಿಲ್ಲ.

"ಅವ್ರು ಎಲ್ಲಾರ ಮನೇಲೂ ಒಲೆ ಅಚ್ಚಾಕಿಲ್ಲ ಗೌಡ್ರೆ."

"ಅಡ್ಗೆಯೋರ್ಗೆ ಅಷ್ಟೊಂದು ದೌಲತ್ತಾ?"

"ಊಂ ಗೌಡ್ರೆ, ಭಾಳ ದೌಲತ್ತು" ಎಂದು ಚಿಕ್ಕನಂಜಮ್ಮ ಫೋನನ್ನು ಗಗನಳ ಕೈಗೆ ಕೊಟ್ಟು, ಅವಳ ಮುಖ ನೋಡದೆ, ಮೆಟ್ಟಿಲು ಗುಡಿಸಲು ಹೋದಳು.